ಅಗ್ಗದ ಪಿಸ್ತೂಲಿಗೆ ಇನ್ನಷ್ಟು ದುಡ್ಡು ಹಾಕಬೇಕಾ, ಬೇರೆಯದು ಕೊಳ್ಳಬೇಕಾ?

ಕಳೆದ ಚಳಿಗಾಲದ ಒಂದು ಶನಿವಾರ ಗೆಳೆಯನೊಬ್ಬ ನಮ್ಮ ಗರಾಜಿಗೆ ಬಂದ. ಅರಸೀಕೆರೆ ಕಡೆಯವನು, ಈಗ ನನ್ನ ಹಾಗೆಯೇ ಗ್ರೀನ್ ಕಾರ್ಡ್ ಸಿಕ್ಕಿ ಇಲ್ಲೇ ಓಹಾಯೋದಲ್ಲಿ ನೆಲೆಸಿದ್ದಾನೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ 140 ಡಾಲರಿಗೆ ಕೊಂಡ ಹಳೆಯ 9 ಎಂಎಂ ಪಿಸ್ತೂಲು, ಎರಡು ಮ್ಯಾಗಜೀನು (ಗುಂಡು ತುಂಬಿ ಹಿಡಿಯೊಳಗೆ ತಳ್ಳುವ ಡಬ್ಬಿ). ಇನ್ನೊಂದು ಕೈಯಲ್ಲಿ ಫೋನು. ಅದರಲ್ಲಿ ಒಂದು ಪಟ್ಟಿ: ಟ್ರಿಗರ್ ಕೆಲಸಕ್ಕೆ 100 ಡಾಲರ್, ರೆಡ್ ಡಾಟಿಗೆ (ಗುರಿಗೆ ಕೆಂಪು ಚುಕ್ಕೆ ತೋರಿಸುವ ಗಾಜಿಗೆ) 150, ಅದನ್ನು ಕೂರಿಸಲು ಸ್ಲೈಡ್ (ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಕೊರೆಯಲು 120, ರಾತ್ರಿ ಹೊಳೆಯುವ ಸೈಟಿಗೆ (ಗುರಿ ನೋಡುವ ಗುರುತಿಗೆ) 60. ಒಟ್ಟು 430.

"ಅಣ್ಣ, ಇಷ್ಟು ಹಾಕಿಬಿಟ್ಟರೆ ಒಳ್ಳೆ ಪಿಸ್ತೂಲಾಗುತ್ತೆ ಅಲ್ವಾ?" ಅಂದ.

ಇದೇ ಪ್ರಶ್ನೆಯನ್ನು ಇಲ್ಲಿನ ಶೂಟಿಂಗ್ ರೇಂಜಿನಲ್ಲಿ ತುಂಬ ಜನ ಕೇಳುತ್ತಾರೆ. ನಮ್ಮ ಕನ್ನಡದವರೂ ಈಗೀಗ ಜಾಸ್ತಿ ಕೇಳುತ್ತಿದ್ದಾರೆ, ಯಾಕಂದರೆ ಮೊದಲ ಸಲ ಕೊಳ್ಳುವವರಿಗೆ 500 ಡಾಲರ್ ಕೊಡಲು ಮನಸ್ಸು ಬರುವುದಿಲ್ಲ, ಕಡಿಮೆ ಬೆಲೆಯದು ತಂದು ಆಮೇಲೆ ನಿಧಾನಕ್ಕೆ ಸರಿಮಾಡಿಕೊಂಡರಾಯಿತು ಅಂದುಕೊಳ್ಳುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸಲ ಬೇಡ. ಕೆಲವು ಪಿಸ್ತೂಲುಗಳಿಗೆ ಮಾತ್ರ, ಕೆಲವು ಭಾಗಗಳಿಗೆ ಮಾತ್ರ, ದುಡ್ಡು ಹಾಕಬಹುದು. ಯಾವುದಕ್ಕೆ ಹಾಕಬಹುದು, ಯಾವುದಕ್ಕೆ ಕೂಡದು ಅನ್ನುವುದು ತಿಳಿದಿರಬೇಕು, ಯಾಕಂದರೆ ಇಲ್ಲಿ ತಪ್ಪಾದರೆ ಹೋಗುವುದು ಬರೀ ದುಡ್ಡಲ್ಲ.

ಅಜ್ಜನ ಕೋವಿಯಿಂದ ಶುರು ಮಾಡುತ್ತೇನೆ

ನಾನು ಮಲೆನಾಡಿನವನು. ಕೊಪ್ಪದ ಹತ್ತಿರ ನಮ್ಮ ತೋಟ. ಹಂದಿ, ಮಂಗನ ಕಾಟಕ್ಕೆ ಅಂತ ಅಜ್ಜನ ಹೆಸರಿನಲ್ಲಿ ಲೈಸೆನ್ಸ್ ಇದ್ದ ಒಂದು ಒಂಟಿ ನಳಿಗೆ ಕೋವಿ ಇತ್ತು. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುವುದು, ಆಯುಧಪೂಜೆಗೆ ಮಣೆಯ ಮೇಲಿಟ್ಟು ಕುಂಕುಮ ಹಚ್ಚುವುದು, ಇದೆಲ್ಲ ಕಣ್ಣಾರೆ ಕಂಡಿದ್ದೇನೆ. ಆ ಕೋವಿಯ ಮರದ ಹಿಡಿಯನ್ನು ಊರಿನ ಆಚಾರಿ ಎರಡು ಸಲ ಬದಲಾಯಿಸಿದ್ದ. ಬೆಲ್ಟು ಹೊಸದಾಯಿತು. ಗುರಿ ನೋಡುವ ಮುಂದಿನ ಗುಂಡಿ ಬಿದ್ದುಹೋಗಿ ಹೊಸದು ಕೂತಿತು. ಆದರೆ ಒಮ್ಮೆ ನಳಿಗೆಯ ತುದಿ ಹತ್ತಿರ ಸಣ್ಣ ಉಬ್ಬು ಕಾಣಿಸಿದಾಗ ಅಜ್ಜ ಅದನ್ನು ಬಡಿದು ಸರಿಮಾಡಲು ಯಾರಿಗೂ ಬಿಡಲಿಲ್ಲ. ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಯಲ್ಲಿಟ್ಟ. ಮತ್ತೆ ಅದರಿಂದ ಒಂದೂ ಗುಂಡು ಹಾರಲಿಲ್ಲ.

ಗೆಳೆಯನಿಗೆ ಅವತ್ತು ಇದನ್ನೇ ಹೇಳಿದೆ. ಪಿಸ್ತೂಲಿನಲ್ಲಿ ಎರಡು ಥರದ ಭಾಗ. ಕೈಗೆ, ಕಣ್ಣಿಗೆ ತಾಗುವುದು ಒಂದು: ಹಿಡಿ, ಸೈಟ್, ಮ್ಯಾಗಜೀನು. ಬೆಂಕಿ ಮತ್ತು ಒತ್ತಡ ಹೊರುವುದು ಇನ್ನೊಂದು: ನಳಿಗೆ, ಸ್ಲೈಡ್, ಚೇಂಬರ್ (ಗುಂಡು ಕೂತು ಸಿಡಿಯುವ ಜಾಗ), ಫ್ರೇಮ್ (ಇವೆಲ್ಲ ಕೂರುವ ಮೈ). ಇವೆರಡರ ಮಧ್ಯೆ ಟ್ರಿಗರ್ ಮತ್ತು ಸೇಫ್ಟಿ (ತಪ್ಪಿ ಹಾರದಂತೆ ತಡೆಯುವ ಭಾಗ) ಕೂತಿವೆ. ಮೊದಲನೆಯ ಗುಂಪನ್ನು ದುಡ್ಡು ಕೊಟ್ಟು ಸುಧಾರಿಸಬಹುದು. ಎರಡನೆಯದು ಕಳಪೆಯಾಗಿದ್ದರೆ ಯಾವ ಬಿಡಿಭಾಗವೂ ಅದನ್ನು ಉಳಿಸುವುದಿಲ್ಲ.

ಅಗ್ಗ ಅಂದರೆ ಎಲ್ಲಿ ಉಳಿಸಿದ್ದಾರೆ?

ಕೊಳ್ಳುವಾಗ ಕೇಳಬೇಕಾದ್ದು ಇದನ್ನೇ. ಕಂಪನಿ ದುಡ್ಡು ಉಳಿಸಿದ್ದು ಎಲ್ಲಿ? ಬಣ್ಣದಲ್ಲಿ, ಪಾಲಿಶಿನಲ್ಲಿ, ಒಂದೇ ಮ್ಯಾಗಜೀನು ಕೊಡುವುದರಲ್ಲಿ ಉಳಿಸಿದ್ದರೆ ತೊಂದರೆ ಇಲ್ಲ. ಲೋಹದಲ್ಲೇ ಉಳಿಸಿದ್ದರೆ ಯೋಚಿಸಬೇಕು.

ಅಗ್ಗದ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಸಿಗುವ ಲೋಹ ಜಮಾಕ್. ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ ಬೆರೆಸಿದ ಮಿಶ್ರಣ ಅದು. ಸುಮಾರು 380 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಹಾಗಾಗಿ ಅಚ್ಚಿಗೆ ಸುರಿದು ರಾಶಿ ರಾಶಿ ಎರಕ ತೆಗೆಯಬಹುದು, ಉಕ್ಕಿನ ಗಟ್ಟಿಯನ್ನು ಗಂಟೆಗಟ್ಟಲೆ ಕೊರೆಯುವ ಖರ್ಚು ಉಳಿಯುತ್ತದೆ. ಆಟಿಕೆ ಕಾರುಗಳು, ನಲ್ಲಿಯ ಹಿಡಿಗಳು ಇದರಲ್ಲೇ ಆಗುವುದು. ಇಲಿನಾಯ್, ಹವಾಯಿಯಂಥ ರಾಜ್ಯಗಳಲ್ಲಿ 800 ಡಿಗ್ರಿ ಫ್ಯಾರನ್‌ಹೀಟಿನ (ಸುಮಾರು 425 ಡಿಗ್ರಿ ಸೆಲ್ಸಿಯಸ್) ಒಳಗೆ ಕರಗುವ ಎರಕದಿಂದ ಮಾಡಿದ ಪಿಸ್ತೂಲನ್ನು ಮಾರಲು ಕಾನೂನಿನ ತಡೆ ಇದೆ. ಜಮಾಕ್ ಅಂದ ಕೂಡಲೇ ಪಿಸ್ತೂಲು ಒಡೆದುಹೋಗುತ್ತದೆ ಅಂತಲ್ಲ. ದಪ್ಪಗೆ ಹಾಕಿದರೆ ತಡೆಯುತ್ತದೆ. ತೆಳ್ಳಗೆ ಮಾಡಿದರೆ, ಅಥವಾ ಆಮೇಲೆ ಯಾರಾದರೂ ಕೊರೆದು ತೆಳ್ಳಗೆ ಮಾಡಿದರೆ, ತಡೆಯುವುದಿಲ್ಲ.

ಹೈ-ಪಾಯಿಂಟ್: ಮುಟ್ಟದೆ ಇಟ್ಟುಕೊಂಡರೆ ಚೆನ್ನ

ಅಗ್ಗದ ಪಿಸ್ತೂಲು ಅಂದರೆ ಅಮೆರಿಕದಲ್ಲಿ ಮೊದಲು ಬಾಯಿಗೆ ಬರುವ ಹೆಸರು ಹೈ-ಪಾಯಿಂಟ್. ಇದೇ ನಮ್ಮ ಓಹಾಯೋದ ಮ್ಯಾನ್ಸ್‌ಫೀಲ್ಡಿನಲ್ಲಿ ತಯಾರಾಗುತ್ತದೆ. 9 ಎಂಎಂನ ಸಿ9 ಮಾದರಿ 200 ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ತೂಕ 29 ಔನ್ಸ್, ಅಂದರೆ 800 ಗ್ರಾಂ ಮೇಲೆ. ಮ್ಯಾಗಜೀನಿನಲ್ಲಿ 8 ಗುಂಡು. ಹೋಲಿಕೆಗೆ ಹೇಳುವುದಾದರೆ, ಹೆಸರುವಾಸಿ ಗ್ಲಾಕ್ ಕಂಪನಿಯ ಗ್ಲಾಕ್ 19 ಇದಕ್ಕಿಂತ ಹಗುರ, ಅದರಲ್ಲಿ 15 ಗುಂಡು ಹಿಡಿಸುತ್ತದೆ.

ಇಷ್ಟು ತೂಕ ಯಾಕೆ? ಕಾರಣ ಗೊತ್ತಾದರೆ ಈ ಪಿಸ್ತೂಲಿಗೆ ಏನು ಮಾಡಬಾರದು ಅನ್ನುವುದೂ ಗೊತ್ತಾಗುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 9 ಎಂಎಂ ತೋಟೆ (ಗುಂಡು ಮತ್ತು ಮದ್ದು ತುಂಬಿದ ಹಿತ್ತಾಳೆಯ ಕೊಳವೆ) ಸಿಡಿದಾಗ ಒಳಗೆ ಚದರ ಇಂಚಿಗೆ 35,000 ಪೌಂಡಿನವರೆಗೆ ಒತ್ತಡ ಏಳಬಹುದು. ಗುಂಡು ನಳಿಗೆ ದಾಟಿ ಒತ್ತಡ ಇಳಿಯುವ ತನಕ ತೋಟೆಯ ಹಿಂಭಾಗವನ್ನು ಯಾರಾದರೂ ಹಿಡಿದಿರಬೇಕು. ಗ್ಲಾಕಿನಂಥವುಗಳಲ್ಲಿ ನಳಿಗೆ ಮತ್ತು ಸ್ಲೈಡ್ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಒಟ್ಟಿಗೆ ಚೂರು ಹಿಂದೆ ಸರಿಯುತ್ತವೆ, ಆಮೇಲಷ್ಟೇ ಬಿಡಿಸಿಕೊಳ್ಳುತ್ತವೆ. ಹೈ-ಪಾಯಿಂಟಿನಲ್ಲಿ ಆ ಕೊಂಡಿಯೇ ಇಲ್ಲ. ನಳಿಗೆ ಫ್ರೇಮಿಗೆ ಬಿಗಿದು ಕೂತಿದೆ. ತೋಟೆಯನ್ನು ಹಿಡಿದಿಡುವುದು ಬರೀ ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಲ. ಬಾಗಿಲಿಗೆ ಒರಗಿಸಿದ ಬಂಡೆಯ ಹಾಗೆ, ಭಾರವೇ ಅದರ ಬೀಗ.

ಈಗ ಯೋಚಿಸಿ. ಅಂಥ ಸ್ಲೈಡನ್ನು ರೆಡ್ ಡಾಟ್ ಕೂರಿಸಲು ಕೊರೆದರೆ? ಅಥವಾ ಹಿಂದಕ್ಕೆ ಎಳೆಯುವುದು ಕಷ್ಟ ಅಂತ ಸ್ಪ್ರಿಂಗನ್ನು ಸಡಿಲದ್ದಕ್ಕೆ ಬದಲಾಯಿಸಿದರೆ? ಸ್ಲೈಡ್ ಬೇಗ ತೆರೆದುಕೊಳ್ಳುತ್ತದೆ. ಒಳಗೆ ಇನ್ನೂ ಒತ್ತಡ ಇರುವಾಗಲೇ ತೆಳ್ಳಗಿನ ಹಿತ್ತಾಳೆಯ ತೋಟೆ ಆಸರೆ ಇಲ್ಲದೆ ಹೊರಗೆ ಬಂದು ಸೀಳಬಹುದು, ಬಿಸಿ ಅನಿಲ ಮತ್ತು ಲೋಹದ ಚೂರು ಬರುವುದು ನಿಮ್ಮ ಕೈ ಮತ್ತು ಮುಖದ ಕಡೆಗೆ. ಚೆನ್ನಾಗಿ ಕಾಣಲಿ ಅಂತ ಮಾಡಿದ ಕೆಲಸಕ್ಕೆ ಇಂಥ ಬೆಲೆ ತೆರಬಾರದು.

ಇನ್ನೊಂದು ಕಡೆ, ಈ ಪಿಸ್ತೂಲಿನ ಬಗ್ಗೆ ಒಳ್ಳೆಯ ಮಾತನ್ನೂ ಹೇಳಬೇಕು. ಕಂಪನಿ ಆಯುಷ್ಯಪೂರ್ತಿ ವಾರಂಟಿ ಕೊಡುತ್ತದೆ. ನೀವು ಎಷ್ಟನೆಯ ಮಾಲೀಕರು ಅಂತ ಕೇಳುವುದಿಲ್ಲ. ಕೆಟ್ಟರೆ ಕಳಿಸಿ, ರಿಪೇರಿ ಆಗಿ ಬರುತ್ತದೆ. ಹಿಂದಿನ ಸೈಟನ್ನು ತಿರುಗಿಸಿ ಗುರಿ ಹೊಂದಿಸಬಹುದು, ಇದು ಎಷ್ಟೋ ದುಬಾರಿ ಪಿಸ್ತೂಲಿನಲ್ಲೂ ಇಲ್ಲ. ಶುಚಿ ಮಾಡುವುದು ಮಾತ್ರ ರಗಳೆ, ಬಿಚ್ಚಬೇಕಾದರೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ತಟ್ಟಿ ಒಂದು ಪಿನ್ನು ಹೊರಗೆ ತೆಗೆಯಬೇಕು. ಹಾಗಾಗಿ ಇದು ಈಗಾಗಲೇ ಮನೆಯಲ್ಲಿದ್ದು ಸರಿಯಾಗಿ ಕೆಲಸ ಮಾಡುತ್ತಿದ್ದರೆ, ಹಾಗೇ ಇಟ್ಟುಕೊಳ್ಳಿ. ಕಂಪನಿಯದೇ ಒಂದು ಹೆಚ್ಚಿನ ಮ್ಯಾಗಜೀನು ಕೊಳ್ಳಿ. ಅಷ್ಟು ಸಾಕು. ಅದಕ್ಕೆ 300 ಡಾಲರಿನ ಸಿಂಗಾರ ಬೇಡ.

ಹಳೆಯ ಕ್ಯಾಲಿಫೋರ್ನಿಯಾದ ಪುಟಾಣಿಗಳು: ದುಡ್ಡೂ ಬೇಡ, ಗುಂಡೂ ಬೇಡ

1968ರಲ್ಲಿ ಅಮೆರಿಕ ಹೊಸ ಬಂದೂಕು ಕಾನೂನು ತಂದು ಹೊರದೇಶದ ಸಣ್ಣ ಅಗ್ಗದ ಪಿಸ್ತೂಲುಗಳ ಆಮದನ್ನು ತಡೆಯಿತು. ಒಳಗೆ ತಯಾರಿಸುವುದನ್ನು ತಡೆಯಲಿಲ್ಲ. ಆ ಸಂದಿಯಲ್ಲಿ ಲಾಸ್ ಏಂಜಲಿಸ್ ಸುತ್ತಮುತ್ತ ಒಂದಷ್ಟು ಕಂಪನಿಗಳು ಹುಟ್ಟಿಕೊಂಡವು: ರೇವನ್, ಜೆನ್ನಿಂಗ್ಸ್, ಬ್ರೈಕೊ, ಡೇವಿಸ್, ಲಾರ್ಸಿನ್. ನಗರವನ್ನು ಸುತ್ತುವರಿದಿದ್ದಕ್ಕೆ 'ಬೆಂಕಿಯ ಬಳೆ' ಅನ್ನುವ ಅರ್ಥದ ಹೆಸರೇ ಅವುಗಳಿಗೆ ಬಿತ್ತು. ಅಂಗೈಯಲ್ಲಿ ಅಡಗುವ, ರೇವನ್ ಕಂಪನಿಯ ಎಂಪಿ-25ನಂಥ ಪಿಸ್ತೂಲುಗಳು ಲಕ್ಷಗಟ್ಟಲೆ ಮಾರಾಟವಾದವು. ಇವತ್ತಿಗೂ ಹಳೆ ಬಂದೂಕಿನ ಅಂಗಡಿ, ಗಿರವಿ ಅಂಗಡಿಗಳಲ್ಲಿ 100 ಡಾಲರಿಗೆ ಎದುರಾಗುತ್ತವೆ.

ಇವುಗಳ ಬಗ್ಗೆ ಒಂದು ಪ್ರಕರಣ ಹೇಳಲೇಬೇಕು. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 7 ವರ್ಷದ ಹುಡುಗನನ್ನು ನೋಡಿಕೊಳ್ಳುತ್ತಿದ್ದ ಯುವಕನೊಬ್ಬ ಮನೆಯಲ್ಲಿದ್ದ ಬ್ರೈಕೊ ಪಿಸ್ತೂಲಿನಿಂದ ಗುಂಡು ತೆಗೆದಿಡಲು ಹೋದ. ಆ ಮಾದರಿಯಲ್ಲಿ ಚೇಂಬರ್ ಖಾಲಿ ಮಾಡಬೇಕಾದರೆ ಸೇಫ್ಟಿಯನ್ನು ಮೊದಲು ಬಿಡಿಸಬೇಕಿತ್ತು. ಅಂದರೆ ಪಿಸ್ತೂಲನ್ನು ಸುರಕ್ಷಿತ ಮಾಡಲು ಮೊದಲು ಅದನ್ನು ಹಾರಲು ಸಿದ್ಧ ಮಾಡಬೇಕು. ಹಾಗೆ ಮಾಡುವಾಗ ಗುಂಡು ಹಾರಿತು. ಹುಡುಗ ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡ. 2003ರಲ್ಲಿ ಜ್ಯೂರಿ ಕಂಪನಿ ಕಡೆಯವರ ಮೇಲೆ ಕೋಟಿಗಟ್ಟಲೆ ಡಾಲರಿನ ಪರಿಹಾರ ಹೊರಿಸಿತು, ಕಂಪನಿ ದಿವಾಳಿ ಅರ್ಜಿ ಹಾಕಿತು. ಆಮೇಲೆ 2004ರ ಹರಾಜಿನಲ್ಲಿ ಅಲ್ಲೇ ಮೇಸ್ತ್ರಿಯಾಗಿದ್ದ ಜಿಮೆನೆಜ್ ಅದನ್ನು ಕೊಂಡು ತನ್ನ ಹೆಸರಿನಲ್ಲಿ ನಡೆಸಿದ. ಆ ಕಂಪನಿಯೂ 2020ರಲ್ಲಿ ದಿವಾಳಿಯಾಯಿತು. ಈ ಕಥೆ ಓದಿದ ಮೇಲೆ ನನಗೆ ಆ ಪುಟಾಣಿ ಪಿಸ್ತೂಲುಗಳನ್ನು ಕೈಗೆತ್ತಿಕೊಳ್ಳಲೂ ಮನಸ್ಸಾಗುವುದಿಲ್ಲ.

ಬಿಡಿಭಾಗದ ಲೆಕ್ಕದಲ್ಲಿ ನೋಡಿದರೆ ವಿಷಯ ಸರಳ. ತಯಾರಿಸಿದವರು ಇಲ್ಲ. ವಾರಂಟಿ ಇಲ್ಲ. ಸೇಫ್ಟಿಯ ವಿನ್ಯಾಸದಲ್ಲೇ ದೋಷ ಇದ್ದರೆ ಹೊಸ ಹಿಡಿ, ಹೊಸ ಸೈಟು ಏನು ಮಾಡೀತು? ಅಜ್ಜನೋ ಮಾವನೋ ಬಿಟ್ಟುಹೋದದ್ದು ಅಂತ ಮನೆಯಲ್ಲಿದ್ದರೆ ಖಾಲಿ ಮಾಡಿ ಬೀಗ ಹಾಕಿಡಿ. ಬೇಡ ಅನಿಸಿದರೆ ಪೊಲೀಸರಿಗೆ ಒಪ್ಪಿಸಬಹುದು, ಆದರೆ ಸೀದಾ ಹಿಡಿದುಕೊಂಡು ಠಾಣೆಯ ಬಾಗಿಲಿಗೆ ಹೋಗಬೇಡಿ. ಮೊದಲು ಅವರ ಸಾಮಾನ್ಯ ನಂಬರಿಗೆ ಫೋನ್ ಮಾಡಿ, ಹೇಗೆ ತರಬೇಕು ಅಂತ ಕೇಳಿ.

ಯಾವ ಭಾಗಕ್ಕೆ ದುಡ್ಡು ಸಾರ್ಥಕ?

ಮ್ಯಾಗಜೀನು. ಕಣ್ಣುಮುಚ್ಚಿ ಹೇಳುತ್ತೇನೆ, ಮೊದಲು ಮ್ಯಾಗಜೀನು. ಪಿಸ್ತೂಲು ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಅದನ್ನೇ. ಗೆಳೆಯನ ಪಿಸ್ತೂಲನ್ನು ಅವತ್ತೇ ಮಧ್ಯಾಹ್ನ ರೇಂಜಿಗೆ ಒಯ್ದೆವು. ಹೋಗುವ ಮುಂಚೆ ಮಾರ್ಕರ್ ಪೆನ್ನಿನಲ್ಲಿ ಮ್ಯಾಗಜೀನುಗಳ ತಳಕ್ಕೆ 1, 2 ಅಂತ ಬರೆದೆ. 50 ಗುಂಡು ಹೊಡೆದೆವು. 6 ಸಲ ನಿಂತಿತು. ಅದರಲ್ಲಿ 5 ಸಲ 2ನೇ ನಂಬರಿನದು. ತೆಗೆದು ಬೆಳಕಿಗೆ ಹಿಡಿದರೆ ಮೇಲಿನ ಎರಡು ತುಟಿಗಳಲ್ಲಿ ಒಂದು ಕೂದಲೆಳೆಯಷ್ಟು ಹೊರಗೆ ಬಾಗಿತ್ತು. ಎಂದೋ ಕಾಂಕ್ರೀಟಿನ ಮೇಲೆ ಬಿದ್ದಿರಬೇಕು. ಗುಂಡು ಮೂಗು ಮೇಲೆ ಮಾಡಿ ಏಳುತ್ತಿತ್ತು, ಚೇಂಬರಿನ ಬಾಯಿಗೆ ಹೋಗಿ ಗುದ್ದುತ್ತಿತ್ತು. 430 ಡಾಲರಿನ ಪಟ್ಟಿಯಲ್ಲಿ ಮ್ಯಾಗಜೀನಿನ ಹೆಸರೇ ಇರಲಿಲ್ಲ ನೋಡಿ. ಅದರ ಬೆಲೆ 25 ಡಾಲರ್.

ಸ್ಪ್ರಿಂಗು ಎರಡನೆಯದು. ಹಳೆಯ ಪಿಸ್ತೂಲಿಗೆ ಕಂಪನಿ ಹೇಳಿದ ಅದೇ ಬಲದ ಹೊಸ ಸ್ಪ್ರಿಂಗು ಹಾಕುವುದು ಒಳ್ಳೆಯದು, 10 ಡಾಲರಿಂದ 20 ಡಾಲರ್ ಆದೀತು. 'ಅದೇ ಬಲದ' ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ.

ಹಿಡಿಗೆ ಹಾಕುವ ರಬ್ಬರ್ ಕವಚ 10 ಡಾಲರಿಗೆ ಬರುತ್ತದೆ. ಬೆವರುವ ಕೈಗೆ ಚೆನ್ನಾಗಿರುತ್ತದೆ. ಹಾನಿ ಏನೂ ಇಲ್ಲ.

ಸೈಟು ಬದಲಾಯಿಸುವ ಮುಂಚೆ ಬದಲಾಯಿಸಲು ಆಗುತ್ತದಾ ಅಂತ ನೋಡಿ. ರೂಗರ್ ಕಂಪನಿಯ ಇಸಿ9ಎಸ್ ಅನ್ನುವ ಪಿಸ್ತೂಲು 2017ರಲ್ಲಿ ಬಂತು. ಅದನ್ನು ಅಗ್ಗ ಮಾಡಿದ್ದೇ ಸೈಟನ್ನು ಸ್ಲೈಡಿನ ಉಕ್ಕಿನಲ್ಲೇ ಕೆತ್ತಿ. ಅದು ಬಿಚ್ಚಿ ಬರುವುದಿಲ್ಲ. ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟುಕೊಳ್ಳಬಹುದು ಅಷ್ಟೆ. ಪಿಸ್ತೂಲು ಗಟ್ಟಿ, ಆದರೆ ಸೈಟಿನ ಆಸೆ ಇದ್ದವರು ಅದನ್ನು ಕೊಳ್ಳಬಾರದು.

ಟ್ರಿಗರಿನ ವಿಷಯಕ್ಕೆ ಬರುತ್ತೇನೆ, ಇಲ್ಲೇ ಜನ ಜಾಸ್ತಿ ಎಡವುವುದು. ಟ್ರಿಗರ್ ಹಗುರ ಮಾಡುವುದು ಅಂದರೆ ಒಳಗೆ ಎರಡು ಉಕ್ಕಿನ ತುಂಡುಗಳು ಒಂದನ್ನೊಂದು ಹಿಡಿದಿರುವ ಅಂಚನ್ನು ಉಜ್ಜಿ ಕಡಿಮೆ ಮಾಡುವುದು, ಅಥವಾ ಸ್ಪ್ರಿಂಗನ್ನು ಸಡಿಲಿಸುವುದು. ಅಂಚು ಉಜ್ಜಿದರೆ ಕೆಳಗೆ ಬಿದ್ದಾಗ ತಾನಾಗಿ ಹಾರುವ ಭಯ. ಸ್ಪ್ರಿಂಗ್ ಸಡಿಲಿಸಿದರೆ ಪಿನ್ನು ತೋಟೆಗೆ ಮೆಲ್ಲಗೆ ತಾಗಿ ಟಿಕ್ ಅಂದು ಸುಮ್ನಾಗುವ ಭಯ. ಇದು ಎಷ್ಟು ನಾಜೂಕು ಅನ್ನುವುದಕ್ಕೆ ಒಂದು ಉದಾಹರಣೆ. ಸಿಗ್ ಸಾವರ್ ಕಂಪನಿಯ ಪಿ320 ಅಗ್ಗದ್ದೇನಲ್ಲ. 2017ರಲ್ಲಿ ಅದು ಒಂದು ಕೋನದಲ್ಲಿ ಕೆಳಗೆ ಬಿದ್ದರೆ ಹಾರಬಹುದು ಅಂತ ಪರೀಕ್ಷೆಗಳಲ್ಲಿ ಕಂಡುಬಂತು, ಕಂಪನಿ ಬೇಕಾದವರಿಗೆ ಉಚಿತವಾಗಿ ಭಾಗ ಬದಲಾಯಿಸಿಕೊಡಲು ಶುರು ಮಾಡಿತು. ಬದಲಾಯಿಸಿದ್ದರಲ್ಲಿ ಮುಖ್ಯವಾದದ್ದು ಟ್ರಿಗರ್ ತುಂಡಿನ ಸ್ವಂತ ತೂಕ (ಎಳೆಯಲು ಬೇಕಾದ ಬಲ ಅಲ್ಲ). ಅಷ್ಟು ದೊಡ್ಡ ಕಂಪನಿಯೇ ಇದನ್ನು ಮತ್ತೆ ತಿದ್ದಬೇಕಾಗಿ ಬಂತು ಅಂದಮೇಲೆ, ಎರಕದ ಭಾಗಗಳಿರುವ ಪಿಸ್ತೂಲಿನ ಟ್ರಿಗರನ್ನು ಅಡುಗೆಮನೆ ಮೇಜಿನ ಮೇಲೆ ವಿಡಿಯೊ ನೋಡಿಕೊಂಡು ಉಜ್ಜಬಾರದು. ದಯವಿಟ್ಟು.

ಹಾಗಂತ ಟ್ರಿಗರ್ ಬದಲಾವಣೆ ಎಲ್ಲ ಕಡೆಯೂ ಕೆಟ್ಟದ್ದಲ್ಲ. ಅದಕ್ಕೇ ಮುಂದಿನ ಮಾತು.

ಅಗ್ಗವಾದರೂ ಮೈ ಗಟ್ಟಿ ಇರುವಂಥವು

ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಎಸ್‌ಡಿ9ವಿಇ ಇದಕ್ಕೆ ಒಳ್ಳೆಯ ಮಾದರಿ. ಸ್ಲೈಡ್, ನಳಿಗೆ ಎರಡೂ ಸ್ಟೇನ್‌ಲೆಸ್ ಉಕ್ಕು. 16 ಗುಂಡಿನ ಮ್ಯಾಗಜೀನು. ಹೊಸದು ಮಾರಾಟಕ್ಕಿದ್ದಾಗ 400 ಡಾಲರ್ ಒಳಗೇ ಇತ್ತು, ಹಳೆಯದು 250, 300ಕ್ಕೂ ಕಂಡಿದ್ದೇನೆ. ಜನ ಬೈಯುವುದು ಒಂದೇ ವಿಷಯಕ್ಕೆ: ಟ್ರಿಗರ್ ಭಾರ, ಸುಮಾರು 8 ಪೌಂಡ್, ಎಳೆದಾಗ ಮರಳಿನ ಮೇಲೆ ಚಪ್ಪಲಿ ಎಳೆದ ಹಾಗೆ. ಇದಕ್ಕೆ ಅಪೆಕ್ಸ್ ಅನ್ನುವ ಹೆಸರುವಾಸಿ ಬಿಡಿಭಾಗದ ಕಂಪನಿ ಸ್ಪ್ರಿಂಗುಗಳ ಕಿಟ್ ಮಾಡುತ್ತದೆ. ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವನು) ಕೈಯಲ್ಲಿ ಹಾಕಿಸಿದರೆ ಎಳೆತ ಚೆನ್ನಾಗುತ್ತದೆ, ಸೇಫ್ಟಿಯ ಭಾಗಗಳು ಹಾಗೇ ಉಳಿಯುತ್ತವೆ. ಇಂಥದಕ್ಕೆ ದುಡ್ಡು ಹಾಕಬಹುದು, ಯಾಕಂದರೆ ಕಂಪನಿ ಉಳಿಸಿದ್ದು ಮೆರುಗಿನಲ್ಲಿ, ಲೋಹದಲ್ಲಲ್ಲ. 2023ರಲ್ಲಿ ಕಂಪನಿಯೇ ಎಸ್‌ಡಿ9 2.0 ಅಂತ ಟ್ರಿಗರ್ ಸುಧಾರಿಸಿ ಹೊಸದು ತಂದಿತು, ಹಾಗಾಗಿ ಹೊಸದು ಕೊಳ್ಳುವವರಿಗೆ ಕಿಟ್ಟಿನ ಚಿಂತೆಯೂ ಕಡಿಮೆ.

ಟಾರಸ್ ಕಂಪನಿಯ ಪಿಸ್ತೂಲುಗಳ ಬಗ್ಗೆ ಎಚ್ಚರದ ಮಾತು. ಜಿ3ಸಿ ಮಾದರಿ 300 ಡಾಲರ್ ಒಳಗೆ ಸಿಗುತ್ತದೆ, 12 ಗುಂಡು, ಮೊದಲ ಪಿಸ್ತೂಲಿಗೆ ಪರವಾಗಿಲ್ಲ. ಒಂದು ತೋಟೆ ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದು ಇನ್ನೊಮ್ಮೆ ಹೊಡೆಯಬಹುದು ಅನ್ನುವ ಅನುಕೂಲವೂ ಇದೆ. ಆದರೆ ಹಳೆಯ ಪಿಟಿ-111 ಮಿಲೆನಿಯಂ, ಪಿಟಿ 24/7 ಸೇರಿ ಒಂಬತ್ತು ಮಾದರಿಗಳ ಮೇಲೆ ಬಿದ್ದರೆ ಹಾರುತ್ತವೆ ಅಂತ ಮೊಕದ್ದಮೆ ಆಗಿ, 2015ರಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ಸುಮಾರು 10 ಲಕ್ಷ ಪಿಸ್ತೂಲು ಆ ಲೆಕ್ಕದಲ್ಲಿದ್ದವು. ಸೆಕೆಂಡ್ ಹ್ಯಾಂಡ್ ಟಾರಸ್ ಅಗ್ಗಕ್ಕೆ ಸಿಕ್ಕರೆ ಮಾದರಿಯ ಹೆಸರು ಓದಿ. ಆ ಪಟ್ಟಿಯದ್ದಾದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇನ್ನೂ ಒಂದು ದಾರಿ. ಪಾಲ್ಮೆಟೊ ಸ್ಟೇಟ್ ಆರ್ಮರಿ ಕಂಪನಿಯ ಡ್ಯಾಗರ್ ಪಿಸ್ತೂಲು 2021ರಲ್ಲಿ ಬಂತು, 300 ಡಾಲರ್ ಹತ್ತಿರ. ಗ್ಲಾಕ್ 19ರ ಮೂರನೆಯ ತಲೆಮಾರಿನ ಅಳತೆಗೇ ಮಾಡಿದ್ದಾರೆ. ಅದರ ಮ್ಯಾಗಜೀನು, ಅದರ ಹೆಚ್ಚಿನ ಬಿಡಿಭಾಗಗಳು ಇದಕ್ಕೂ ಕೂರುತ್ತವೆ. ಸ್ವಲ್ಪ ಸ್ವಲ್ಪ ಬದಲಾಯಿಸುತ್ತಾ ಹೋಗುವ ಆಸೆಯೇ ಇದ್ದರೆ ಇಲ್ಲಿಂದ ಶುರು ಮಾಡಿ. ರೆಡ್ ಡಾಟಿಗೆ ಕಾರ್ಖಾನೆಯಲ್ಲೇ ಕೊರೆದ ಸ್ಲೈಡೂ ಸಿಗುತ್ತದೆ, ನೀವು ಯಾರ ಕೈಯಲ್ಲೂ ಕೊರೆಸಬೇಕಾಗಿಲ್ಲ.

ಪೊಲೀಸರು ಬಿಟ್ಟ ಪಿಸ್ತೂಲು

ನನಗೆ ಕೇಳಿದರೆ ಈ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. 1990ರಲ್ಲಿ 9 ಎಂಎಂಗಿಂತ ಸ್ವಲ್ಪ ದಪ್ಪ ಗುಂಡಿನ .40 ಕ್ಯಾಲಿಬರ್ ಬಂದಾಗ ಅಮೆರಿಕದ ಪೊಲೀಸ್ ಇಲಾಖೆಗಳು ಸಾಲಾಗಿ ಅದಕ್ಕೆ ಹೋದವು. ಗ್ಲಾಕ್ 22 ಎಲ್ಲ ಕಡೆ ಕಾಣಿಸಿತು. 2010ರ ದಶಕದ ಮಧ್ಯದಲ್ಲಿ ಎಫ್‌ಬಿಐ ಮತ್ತೆ 9 ಎಂಎಂ ಕಡೆ ತಿರುಗಿತು, ಇಲಾಖೆಗಳೂ ಹಿಂದೆಯೇ ಬಂದವು. ಹಳೆಯವನ್ನು ಡೀಲರಿಗೆ ಕೊಟ್ಟು ಹೊಸದು ತಂದರು. ಹಾಗಾಗಿ ಹೊಸದಾಗಿದ್ದಾಗ 500 ಡಾಲರ್ ಮೇಲಿದ್ದ ಪಿಸ್ತೂಲು ಈಗ 300, 350 ಡಾಲರಿಗೆ ಸಿಗುತ್ತದೆ.

ನೋಡಲು ಚೆನ್ನಾಗಿರುವುದಿಲ್ಲ. ವರ್ಷಗಟ್ಟಲೆ ಚರ್ಮದ, ಪ್ಲಾಸ್ಟಿಕ್ಕಿನ ಚೀಲದಿಂದ ಎಳೆದು ಹಾಕಿ ಮೂತಿಯ ಕಪ್ಪು ಬಣ್ಣ ಸವೆದು ಬೆಳ್ಳಗಾಗಿರುತ್ತದೆ. ಅದು ಹೊರಗಿನ ಸವೆತ. ಎಷ್ಟೋ ಪೊಲೀಸ್ ಪಿಸ್ತೂಲುಗಳು ಸೊಂಟದಲ್ಲಿ ದಿನಾ ಓಡಾಡಿ, ವರ್ಷಕ್ಕೆ ಒಂದೆರಡು ಸಲ ಪರೀಕ್ಷೆಗೆ ಅಷ್ಟೇ ಹಾರಿರುತ್ತವೆ. ಸ್ಲೈಡ್ ಬಿಚ್ಚಿ ಒಳಗಿನ ಹಳಿಗಳನ್ನು ನೋಡಿ, ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿ. ರಾತ್ರಿ ಸೈಟು ಇದೆ ಅಂತ ಹೆಚ್ಚು ಬೆಲೆ ಹೇಳಿದರೆ ನಂಬಬೇಡಿ. ಅದನ್ನು ಹೊಳೆಸುವ ಟ್ರೀಷಿಯಂ ಅನಿಲ ಸುಮಾರು 12 ವರ್ಷಕ್ಕೆ ಅರ್ಧ ಆಗುತ್ತದೆ. 15 ವರ್ಷದ ಹಳೆಯದಾದರೆ ಹೊಸದರ ಅರ್ಧದಷ್ಟೂ ಹೊಳೆಯುವುದಿಲ್ಲ.

ಒಂದು ಕೊರತೆ ಇದೆ. .40 ತೋಟೆ 9 ಎಂಎಂಗಿಂತ ದುಬಾರಿ, ಕೈಗೆ ಒದೆತವೂ ಜಾಸ್ತಿ. ಹೊಸಬರಿಗೆ 9 ಎಂಎಂ ಪೊಲೀಸ್ ಪಿಸ್ತೂಲು ಸಿಕ್ಕರೆ 50 ಡಾಲರ್ ಹೆಚ್ಚು ಕೊಟ್ಟಾದರೂ ಅದನ್ನೇ ತಗೊಳ್ಳಿ ಅಂತೀನಿ.

ದುಡ್ಡಿನ ಲೆಕ್ಕ

140ಕ್ಕೆ 430 ಸೇರಿಸಿ. 570 ಡಾಲರ್. ನಾಳೆ ಮಾರಲು ಹೋದರೆ ಕೊಳ್ಳುವವರು ಆ ಟ್ರಿಗರ್ ಕೆಲಸಕ್ಕೆ ಒಂದು ಡಾಲರೂ ಕೊಡುವುದಿಲ್ಲ, ಬೇರೆಯವರು ಉಜ್ಜಿದ್ದು ಅಂತ ಗೊತ್ತಾದರೆ ಇನ್ನೂ ಕಡಿಮೆ ಕೇಳುತ್ತಾರೆ. ಅದೇ 570 ಡಾಲರಿನಲ್ಲಿ 330ರ ಪೊಲೀಸ್ ಪಿಸ್ತೂಲು ಕೊಂಡರೆ 240 ಉಳಿಯಿತು. ಅದರಲ್ಲಿ 50 ಬೀಗದ ಪೆಟ್ಟಿಗೆಗೆ. ಮನೆಯಲ್ಲಿ ಮಕ್ಕಳಿದ್ದಾರೆ ಅಂದಮೇಲೆ ಪೆಟ್ಟಿಗೆ ಪಿಸ್ತೂಲಿಗಿಂತ ಮೊದಲೇ ಮನೆಗೆ ಬರಬೇಕು. 100 ಅಥವಾ ಸ್ವಲ್ಪ ಹೆಚ್ಚು ಒಂದು ದಿನದ ಒಳ್ಳೆಯ ತರಬೇತಿಗೆ. ಉಳಿದದ್ದು ಗುಂಡಿಗೆ. 9 ಎಂಎಂ ಗುಂಡು ಒಂದಕ್ಕೆ 25 ಸೆಂಟ್ ಹಿಡಿದರೂ 75 ಡಾಲರಿಗೆ 300 ಸಲ ಅಭ್ಯಾಸ ಮಾಡಬಹುದು. ಹೊಸ ಟ್ರಿಗರ್ ಹಾಕಿದ್ದಕ್ಕಿಂತ ಆ 300 ಗುಂಡು ನಿಮ್ಮ ಗುರಿಯನ್ನು ಜಾಸ್ತಿ ಸರಿಮಾಡುತ್ತದೆ. ನಾನು ಕಂಡು ಹೇಳುವ ಮಾತು.

ವೀಸಾದಲ್ಲಿ ಇರುವವರಿಗೆ

ಇದು ನಮಗೆ ತುಂಬ ಬೇಕಾದ ಮಾತು. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದು, ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿ ಇವೆ, ಅದನ್ನು ವಕೀಲರ ಹತ್ತಿರ ಕೇಳಿಯೇ ಮುಂದುವರಿಯಿರಿ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಅಂಗಡಿಯಲ್ಲಿ 4473 ನಂಬರಿನ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ, ಪಿಸ್ತೂಲಿಗೆ 21 ವರ್ಷ ಆಗಿರಬೇಕು. ವೀಸಾದಲ್ಲಿರುವ ಗೆಳೆಯ ಕೇಳಿದ ಅಂತ ಅವನ ಪರವಾಗಿ ನಿಮ್ಮ ಹೆಸರಿನಲ್ಲಿ ಕೊಂಡುಕೊಟ್ಟರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಊರಲ್ಲಿ ಕೊಡವರಿಗೆ ಲೈಸೆನ್ಸಿನ ವಿನಾಯಿತಿ ಇದೆ, ಮನೆಯಲ್ಲಿ ಕೋವಿ ಮುಟ್ಟಿ ಬೆಳೆದವರಿದ್ದಾರೆ. ಆ ಸಲಿಗೆ ಇಲ್ಲಿ ನಡೆಯುವುದಿಲ್ಲ.

ಗೆಳೆಯನ ಪಿಸ್ತೂಲು ಏನಾಯಿತು

ರೇಂಜಿನಿಂದ ಬಂದು ಗರಾಜಿನಲ್ಲಿ ಬಿಚ್ಚಿ ಒರೆಸಲು ಕೂತೆವು. 1ನೇ ನಂಬರಿನ ಮ್ಯಾಗಜೀನು ಹಾಕಿದರೆ ಹೆಚ್ಚುಕಡಿಮೆ ಸರಿಯಾಗಿಯೇ ಹಾರುತ್ತಿತ್ತು, ಹಾಗಾಗಿ ಅವನು ಖುಷಿಯಲ್ಲಿದ್ದ. ನಾನು ಸ್ಲೈಡನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ದೀಪದ ಕೆಳಗೆ ತಿರುಗಿಸಿದೆ. ಖಾಲಿ ತೋಟೆ ಹೊರಗೆ ಹಾರುವ ಕಿಂಡಿಯ ಮೂಲೆಯಲ್ಲಿ ಸಣ್ಣ ಕಪ್ಪು ಗೆರೆ. ಮಸಿ ಅಂದುಕೊಂಡೆ. ಒರೆಸಿದರೆ ಹೋಗಲಿಲ್ಲ. ಉಗುರಿನಿಂದ ಗೀಚಿದರೆ ಉಗುರು ಸಿಕ್ಕಿಕೊಂಡಿತು. ಬಿರುಕು, ಅಕ್ಕಿಕಾಳಿನಷ್ಟು ಉದ್ದ.

ಅವನ ಪಟ್ಟಿಯಲ್ಲಿದ್ದ ರೆಡ್ ಡಾಟಿಗೆ ಕೊರೆಯಬೇಕಾಗಿದ್ದು ಅಲ್ಲಿಂದ ಒಂದು ಇಂಚು ಹಿಂದೆ.

ತಯಾರಿಸಿದ ಕಂಪನಿ ಎಂದೋ ಮುಚ್ಚಿತ್ತು, ವಾಪಸ್ ಕಳಿಸಲು ವಿಳಾಸವೇ ಇರಲಿಲ್ಲ. ಬೇರೆಯವರಿಗೆ ಮಾರುವ ಮಾತನ್ನು ಅವನೇ ಬೇಡ ಅಂದ. ಸೋಮವಾರ ಪೊಲೀಸರಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಒಪ್ಪಿಸಿ ಬಂದ. 140 ಡಾಲರ್ ಹೋಯಿತು. ಎರಡು ವಾರ ಬಿಟ್ಟು ಮೂತಿ ಸವೆದ ಒಂದು ಪೊಲೀಸ್ ಪಿಸ್ತೂಲು ತಂದ, 9 ಎಂಎಂದು, ಜೊತೆಗೆ ಮೂರು ಮ್ಯಾಗಜೀನು. ಬಂದ ಕೂಡಲೇ ಮೂರರ ತಳಕ್ಕೂ ಮಾರ್ಕರಿನಲ್ಲಿ ನಂಬರ್ ಬರೆದಿದ್ದ. ಮೊನ್ನೆ ಫೋನ್ ಮಾಡಿದಾಗ ಕೇಳಿದ್ದು ಟ್ರಿಗರಿನ ವಿಷಯ ಅಲ್ಲ, ಹೆಂಡತಿಗೂ ಕಲಿಯಬೇಕಂತೆ, ಹೆಂಗಸರಿಗೆ ಹೇಳಿಕೊಡುವ ಒಳ್ಳೆ ತರಬೇತಿ ಹತ್ತಿರದಲ್ಲಿ ಎಲ್ಲಿದೆ ಅಂತ.